ಮೂಗಿನ ತುದಿಯ ಮೂರು ಮಣಿ

ಕೊಪ್ಪದ ಹುಚ್ಚೀರಯ್ಯ ಬೆಳಗಾಗೆದ್ದು ಪಡಸಾಲೆ ಕಂಬಕ್ಕೊಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ಮೂಗಿಗೆ ಒತ್ತಿಕೊಂಡು, ಅದರಲ್ಲಿ ಪೋಣಿಸಿದ್ದ ಮೂರು ಮಣಿಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದ. ಪಕ್ಕದ ಮನೆ ಚಿಕ್ಕಬೋರಮ್ಮ ಬೇಲಿಯಾಚೆಯಿಂದ ಕತ್ತು ಚಾಚಿದಳು.

"ಯಾಕ್ಲಾ ಉಚ್ಚೀರ, ನೀನೇ ಮೂಗುದಾರ ಆಕ್ಕೊಂಡು ನಿಂತಿದ್ದೀಯ? ಒಂದೊರೆ ಉಲ್ಲು ತಂದಾಕ್ಲಾ?"

"ಓಗಮ್ಮ ಅತ್ಲಾಗೆ! ಇದು ಕಣ್ಣಿನ ಗರಡಿ!"

ಅವನ ಎಡಗಣ್ಣು ಹುಟ್ಟಾ ಸೋಮಾರಿ. ಕೆಲಸವನ್ನೆಲ್ಲ ಬಲಗಣ್ಣಿಗೆ ಬಿಟ್ಟು ಮೂಗಿನ ಕಡೆ ತಿರುಗಿ ಮಲಗಿತ್ತು. ಯಾವುದು ಹತ್ತಿರ, ಯಾವುದು ದೂರ ಅವನಿಗೆ ತಿಳಿಯದು. ಲೋಕವೆಲ್ಲ ಗೋಡೆಗಂಟಿಸಿದ ಪಟ. ಚೊಂಬಿಗೆ ಸುರಿದ ನೀರು ಕಾಲಿಗೆ ಬೀಳುತ್ತಿತ್ತು. ಅದನ್ನಾದರೂ ಸಹಿಸಬಹುದು. ಸೋದರಮಾವ ಅಪ್ಪಾಜಿಯ ಮಗಳು ಮಂಗಳ ತೊಟ್ಟಿಲಲ್ಲೇ ಇವನಿಗೆಂದು ಮಾತಾದವಳು. ಅವಳು ಎಲ್ಲಿ ನಿಂತರೂ ಆ ಬಸರಾಳಿನ ಸೈಕಲ್ ಶೋಕಿಲಾಲ ಪುಟ್ಟರಾಜು ಅವಳಿಗೆ ಮೆತ್ತಿಕೊಂಡಂತೆಯೇ ಕಾಣುತ್ತಿದ್ದ! ಹೊಟ್ಟೆ ಆಲೆಮನೆ ಒಲೆಯಾಗಿತ್ತು.

ಮಂಡ್ಯದ ಡಾಕ್ಟರು ನಕ್ಕಿದ್ದರು. "ಅವನೆಲ್ಲೋ, ಅವಳೆಲ್ಲೋ ಕಣಯ್ಯ. ಅಂಟಿಸ್ತಿರೋದು ನಿನ್ನ ಕಣ್ಣು. ಒಳ್ಳೇದನ್ನ ಮುಚ್ಚಿ ಸೋಮಾರೀನ ದುಡಿಸು. ಆಮೇಲೆ ಎರಡನ್ನೂ ಜೋಡೆತ್ತಿನಂಗೆ ದಾರಕ್ಕೆ ಹೂಡು."

ಸುಗ್ಗಿಯಿಂದ ಸುಗ್ಗಿವರೆಗೆ ಹೂಡಿದ್ದ. ಇವತ್ತು ಪರೀಕ್ಷೆ. ಅಪ್ಪಾಜಿಯ ಹೊಸ ಮನೆಗೆ ಹೆಂಚು ಹೊದಿಸಲು ಊರೇ ಕೂಲಿಯಿಲ್ಲದ ಮುಯ್ಯಾಳಿಗೆ ಸೇರಿತ್ತು. ಕೆಳಗಿನಿಂದ ಎಸೆದ ಹೆಂಚನ್ನು ಮಾಡಿನ ಮೇಲೆ ಹಿಡಿಯಬೇಕು. ಪುಟ್ಟರಾಜು ತೋಳು ಮಡಚಿ ಏಣಿಗೆ ಕಾಲಿಟ್ಟಿದ್ದ. ಹುಚ್ಚೀರಯ್ಯ ಅವನನ್ನು ತಳ್ಳಿಯೇ ಹತ್ತಿದ.

"ನಾನ್ ಇಡೀತೀನಿ ಬುಡು ಮಾವ!"

"ನೀನಾ? ಮೊನ್ನೆ ಚೊಂಬು ಕೊಟ್ರೆ ಗಾಳೀನ ಇಡ್ಕೊಂಡೆ ಕಣ್ಲಾ! ಒಂದೆಂಚು ಒಡೆದ್ರೂ ನನ್ ಮಗಳ ಮಾತೆತ್ತಬ್ಯಾಡ!"

ಮೊದಲ ಹೆಂಚನ್ನು ಕೂಸಿನಂತೆ ಎದೆಗವಚಿ ಉಳಿಸಿಕೊಂಡ. ಎರಡನೆಯದಕ್ಕೆ ಎರಡೂ ಕಣ್ಣು ಕೂಡಿದವು. ಹೆಂಚು ಪಟದಿಂದ ಕಿತ್ತುಬಂದ ಹಾಗೆ ಬಿಡಿಯಾಗಿ, ತೇಲುತ್ತ ಬಂದು ಅಂಗೈ ಮೇಲೆ ಕೂತಿತು. ಆಮೇಲೆ ಬಂದದ್ದನ್ನೆಲ್ಲ ಹೂವಿನಂತೆ ಹಿಡಿದ.

"ಮೂಗುದಾರ ಆಕಿದ್ಮೇಲೆ ಎತ್ತು ಪಳಗ್ತು ಕಣಪ್ಪೋ!" ಎಂದಳು ಚಿಕ್ಕಬೋರಮ್ಮ.

"ಬಲೇ ಅಳಿಯ! ಕೊಟ್ಟಿಗೇದೂ ಮುಗಿಸ್ಕಂಡೇ ಇಳಿ!" ಎಂದ ಅಪ್ಪಾಜಿ.

ಅಳಿಯ! ಹುಚ್ಚೀರಯ್ಯ ಮೀಸೆ ತಿರುವಿ ಮಂಗಳ ನೋಡಿದಳೋ ಎಂದು ಕಣ್ಣು ಹಾಯಿಸಿದ. ದೂರದಲ್ಲಿ, ಕೆಲಸ ಕಳೆದುಕೊಂಡ ಪುಟ್ಟರಾಜು ಕೂತಿದ್ದ. ಅವನ ಕಣ್ಣಿಗೆ ಬಿದ್ದ ಹೆಂಚಿನ ಧೂಳನ್ನು ಮಂಗಳ ಊದುತ್ತಿದ್ದಳು. ಏಣಿಯ ಕಡೆ ಒಂದು ಹೆಜ್ಜೆ ಇಟ್ಟ. ಡಾಕ್ಟರ ಮಾತು ನೆನೆದು ತಣ್ಣಗಾದ: ಅವನೆಲ್ಲೋ, ಅವಳೆಲ್ಲೋ. ಮಣಿ ನೋಡುವ ಹಾಗೆ ನಿಧಾನಕ್ಕೆ ಅಳೆದ. ಹುಲ್ಲಿನ ಬಣವೆ ಮುಂದಿತ್ತು. ಹುಣಸೆಮರ ಹಿಂದಿತ್ತು. ಎರಡರ ನಡುವೆ ಅವರಿಬ್ಬರು. ಅವರಿಬ್ಬರ ನಡುವೆ ಒಂದು ವೀಳ್ಯದೆಲೆ ತೂರುವಷ್ಟೂ ಜಾಗವಿರಲಿಲ್ಲ.

"ಇಡ್ಕೊ ಅಳಿಯಾ!"

ಹೆಂಚು ಬರುವುದು ಚೆನ್ನಾಗಿಯೇ ಕಂಡಿತು. ಕೈ ಮಾತ್ರ ಏಳಲಿಲ್ಲ.