ಜಗಳಕ್ಕೆ ಚಾಪೆ ಒಯ್ಯುವ ಅತ್ತೆ

ಮುಳಬಾಗಿಲಿನಲ್ಲಿ ಯಾರದೇ ಜಗಳವಾಗಲಿ, ನಮ್ಮ ಸೋದರತ್ತೆ ತಪ್ಪಿಸಿಕೊಂಡವರಲ್ಲ. ಮದುವೆಗೆ ಕರೆದರೆ ಮಂಡಿನೋವು ಅನ್ನುತ್ತಿದ್ದರು. ಹುಡುಗರು ಹೊಡೆದಾಡುತ್ತಿದ್ದಾರೆ ಅಂದರೆ ಸಾಕು, ಎಪ್ಪತ್ತರ ಆ ಮಂಡಿಗಳಿಗೆ ಎಲ್ಲಿಂದ ಶಕ್ತಿ ಬರುತ್ತಿತ್ತೋ, ಕಂಕುಳಲ್ಲಿ ಚಾಪೆ ಸಿಕ್ಕಿಸಿಕೊಂಡು ಹೊರಟೇಬಿಡುತ್ತಿದ್ದರು. ಜಗಳಕ್ಕೆ ದೊಣ್ಣೆ ಒಯ್ಯುವವರನ್ನು ಕಂಡಿದ್ದೇನೆ. ಚಾಪೆ ಒಯ್ಯುವವರನ್ನು ನೀವು ಕಂಡಿದ್ದೀರಾ?

ಅವರ ವಿದ್ಯೆ ಇಷ್ಟೇ. ಎರಡು ಗುಂಪಿನ ನಡುವೆ ಚಾಪೆ ಹಾಸಿ ಅಡ್ಡ ಮಲಗುವುದು. "ನನ್ನ ದಾಟ್ಕೊಂಡು ಹೋಗಿ ಹೊಡ್ಕೊಳ್ರಪ್ಪ." ಮಲಗಿದ ಮುದುಕಿಯನ್ನು ದಾಟುವ ಧೈರ್ಯ ಯಾರಿಗಿದೆ? ಬಸ್ ಸ್ಟ್ಯಾಂಡಿನ ಹತ್ತಿರ ಒಮ್ಮೆ ವಿಕೆಟ್ ಹಿಡಿದು ಬಂದಿದ್ದ ಕಾಲೇಜು ಹುಡುಗರು, ಇವರನ್ನು ಮನೆಗೆ ಬಿಡುವವರು ಯಾರು ಅಂತ ಚರ್ಚೆಗಿಳಿದು, ಕೊನೆಗೆ ಎರಡೂ ಪಾರ್ಟಿಯವರು ಒಂದೇ ಆಟೋದಲ್ಲಿ ಬಂದರು!

"ನಿಮಗ್ಯಾಕತ್ತೆ ಊರ ಉಸಾಬರಿ?" ಅಂದೆ.

"ಟೀವಿ ಕೆಟ್ಟಿದೆ ಕಣೋ."

ನನ್ನ ತಂಗಿಯನ್ನು ನೋಡಲು ಶ್ರೀನಿವಾಸಪುರದಿಂದ ಬಂದ ಗಂಡಿನ ತಾಯಿ, "ರೋಡಲ್ಲಿ ಮಲಗೋರು ನಿಮ್ಮ ಕಡೆಯವ್ರಾ?" ಅಂತ ಕೇಳಿದರು. ಅಪ್ಪ, "ದೂರದ ಸಂಬಂಧ" ಅಂದರು. ಒಡಹುಟ್ಟಿದ ಅಕ್ಕ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ದೂರದವರಾದರು.

ಆಮೇಲೆ ಊರಿನ ದೊಡ್ಡವರು ಶಾಂತಿ ಸಮಿತಿ ಕಟ್ಟಿದರು. ಬೆಂಗಳೂರಿನಿಂದ ಬಂದವರೊಬ್ಬರು, ದೊಡ್ಡ ನಗರಗಳು ಹುಡುಗರ ಹೊಡೆದಾಟವನ್ನು ಹೇಗೆ ತಡೆಯುತ್ತವೆ ಅಂತ ಪರದೆ ಮೇಲೆ ತೋರಿಸಿದರು. ಆಟದ ಮೈದಾನ, ಕೆಲಸದ ತರಬೇತಿ, ಬೀದಿಗಿಳಿದು ಜಗಳ ಬಿಡಿಸುವ ಜನ, ಕ್ಯಾಮೆರಾ. ಅತ್ತೆ ಎದ್ದು, "ಹುಡುಗ್ರು ಎಲ್ಲಿ ಸ್ವಾಮಿ?" ಅಂದರು. ಗಲಾಟೆಯಾದೀತೆಂದು ಹುಡುಗರನ್ನು ಕರೆದೇ ಇರಲಿಲ್ಲ. ಮೈದಾನಕ್ಕೆ ಜಾಗವಿರಲಿಲ್ಲ, ತರಬೇತಿಗೆ ಜನವಿರಲಿಲ್ಲ. ಕ್ಯಾಮೆರಾಕ್ಕೆ ಕಂಬವಿತ್ತು. ಹಾಕಿಸಿದರು.

ಕ್ಯಾಮೆರಾ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಒಂದು ಸಂಜೆ ಬೈಕ್ ತಾಗಿದ್ದಕ್ಕೆ ಎದ್ದ ಜಗಳದಲ್ಲಿ, ಒಬ್ಬ ಹುಡುಗ ಅತ್ತೆಯನ್ನು ತುಳಿದುಕೊಂಡೇ ದಾಟಿ ಇನ್ನೊಬ್ಬನಿಗೆ ಚಾಕು ಹಾಕಿದ್ದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಕೊಂದವನೂ ಸತ್ತವನೂ ಒಂದೇ ಕಾಲೇಜು. ಅತ್ತೆಯ ಮಣಿಕಟ್ಟು ಮುರಿಯಿತು. ಸಮಿತಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿತು. ಅದರಲ್ಲಿ ಸತ್ತವನ ಮುಖಕ್ಕಿಂತ ಅಧ್ಯಕ್ಷರ ಮುಖ ದೊಡ್ಡದಾಗಿತ್ತು.

ಅತ್ತೆ ಸತ್ತ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಪಕ್ಕ ಕೂತು ಬಂದರು. ಕೆಲವು ದಿನ ಬಿಟ್ಟು, ಕೋಲಾರದ ಜೈಲಿಗೆ ಕರಕೊಂಡು ಹೋಗು ಅಂದರು.

"ಆ ಕೊಲೆಗಾರನ್ನ ನೋಡೋಕಾ?"

"ಅವನ ಮನೆಯವ್ರು ಯಾರೂ ಹೋಗಿಲ್ವಂತೆ ಕಣೋ."

ಜಾಲರಿಯ ಆಚೆ ಹುಡುಗ ತಲೆ ತಗ್ಗಿಸಿ ನಿಂತಿದ್ದ. ತಲೆ ಎತ್ತದೆಯೇ ಕೇಳಿದ, "ಅವ್ವಾ, ಅವತ್ತು ನಿಮಗೆ ಏಟಾಯ್ತಾ?"

ಅತ್ತೆ ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

"ಲೇದು ನಾಯನಾ," ಅಂದರು, ಮಗನನ್ನು ಕರೆಯುವ ಹಾಗೆ, ನಮ್ಮ ಕಡೆಯ ತೆಲುಗಿನಲ್ಲಿ. "ಏನೂ ಆಗಿಲ್ಲ."