ಕುದುರೆ ನಿಲುವಿಗೆ ಸುರುಳಿ ಊದುಬತ್ತಿ ನಿಷೇಧ

ಮುಷ್ಟಿವಿದ್ಯಾ ಶಾಲಾ ಕಚೇರಿ, ಫೋಶಾನ್
ಸುತ್ತೋಲೆ ಸಂಖ್ಯೆ: ತೊಡೆ/ನಡುಕ/07

ವಿಷಯ: ಕುದುರೆ ನಿಲುವಿನ ಅವಧಿಯನ್ನು ಅಳೆಯುವ ಊದುಬತ್ತಿಯ ಆಕಾರದ ಬಗ್ಗೆ.
ಉಲ್ಲೇಖ: 1) ಗುರುಗಳ ಮೌಖಿಕ ಶಪಥ. 2) ಗುರುಗಳ ಮೌಖಿಕ ನರಳಿಕೆ.

"ತಾಳಿದವನ ತೊಡೆ ನಡುಗೀತು" ಎಂಬ ಗಾದೆಯನ್ನು ಎಲ್ಲ ಶಿಷ್ಯರ ಗಮನಕ್ಕೆ ತರಲಾಗಿದೆ. ಕೆಳಗಿನದು ನಡೆದ ಸಂಗತಿಯೇ ಎಂದು ದೃಢೀಕರಿಸಲಾಗಿದೆ.

ಶಿಷ್ಯೆ ಕ್ವಾನ್ ಸಾವ್‌ಪಿಂಗ್ ಅವರು ಮೂರು ವರ್ಷಗಳಿಂದ ಮೊಣಕಾಲು ಬಗ್ಗಿಸಿ, ಸವಾರರಂತೆ (ಕುದುರೆಯಿಲ್ಲದೆ) ಕುದುರೆ ನಿಲುವಿನಲ್ಲಿಯೇ ನಿಂತಿದ್ದು, ಮರದ ಗೊಂಬೆಯ ಮೇಲಿನ ವರಸೆಯನ್ನು ಕಲಿಸಬೇಕೆಂದು ಹದಿನೇಳನೆಯ ಬಾರಿ ಕೋರಿರುತ್ತಾರೆ. ಗುರುಗಳಾದ ಸಿಫು ಮಾಕ್ ಯೀಟೊಂಗ್ ಅವರು, ಒಂದು ಊದುಬತ್ತಿ ಉರಿಯುವಷ್ಟು ಹೊತ್ತು ತಾವೇ ನಿಂತು ತೋರಿಸುವುದಾಗಿ ತಿಳಿಸಿ, "ಬತ್ತಿ ಮುಗಿಯೋಕೆ ಮುಂಚೆ ನಾನು ಎದ್ದರೆ ಇವತ್ತೇ ನಿನಗೆ ಗೊಂಬೆ ಪಾಠ, ಹೋಗಮ್ಮ" ಎಂದಿರುತ್ತಾರೆ. ನಿಂತವರು ಕತ್ತು ತಿರುಗಿಸಬಾರದೆಂಬ ನಿಯಮವಿರುವುದರಿಂದ, ಬೆನ್ನ ಹಿಂದಿದ್ದ, ಗತಿಸಿದ ಹಿರಿಯರ ಪೂಜಾಪೀಠದಲ್ಲಿ ಸದರಿ ಶಿಷ್ಯೆಯು ದೇಗುಲದ ಸೂರಿಗೆ ತೂಗುಹಾಕುವ, ಹತ್ತು ದಿನ ಉರಿಯುವ ಸುರುಳಿ ಬತ್ತಿಯನ್ನು ಹಚ್ಚಿದ್ದು ಗುರುಗಳ ಗಮನಕ್ಕೆ ಬಂದಿರುವುದಿಲ್ಲ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಊದುಬತ್ತಿಯು ನೆಟ್ಟಗಿರತಕ್ಕದ್ದು. ಹಚ್ಚುವವರೂ ನೆಟ್ಟಗಿರುವುದು ಅಪೇಕ್ಷಣೀಯ.

2. ನಿಂತವರ ತೊಡೆಯ ಮೇಲೆ ಪದ್ಧತಿಯಂತೆ ಚಹಾ ಬಟ್ಟಲನ್ನು ಮಾತ್ರ ಇಡತಕ್ಕದ್ದು. ಸೀಗಡಿ ಕಡುಬಿನ ಹಬೆಬುಟ್ಟಿ ಇಟ್ಟು ಮಧ್ಯಾಹ್ನದ ಊಟ ಮುಗಿಸುವುದನ್ನು ಹಾಗೂ "ಸಿಫು, ಸ್ವಲ್ಪ ಅಲುಗಾಡಬೇಡಿ, ಸೋಯಾ ಸಾಸ್ ಚೆಲ್ಲುತ್ತೆ" ಎನ್ನುವುದನ್ನು ನಿಷೇಧಿಸಲಾಗಿದೆ.

3. ಸದರಿ ತೊಡೆಗಳ ಮೇಲೆ ಹಲಗೆ ಹಾಸಿ ಮಾಜಾಂಗ್ ಆಡತಕ್ಕದ್ದಲ್ಲ. ಆಡಿದಲ್ಲಿ, ನಡುಕಕ್ಕೆ ಉರುಳಿದ ಕಾಯಿಗಳನ್ನು ಮಾನ್ಯ ಮಾಡಲಾಗುವುದಿಲ್ಲ.

4. ಚಾಚಿದ ಕೈಗಳ ಮೇಲೆ ಒದ್ದೆ ಬಟ್ಟೆ ಹರವಿದಲ್ಲಿ, ಅದು ಒಣಗುವ ಮುನ್ನವೇ ಎದ್ದುಹೋಗುವ ಹಕ್ಕು ನಿಂತವರಿಗಿರುತ್ತದೆ.

5. ಎರಡು ಗಂಟೆ ಹನ್ನೊಂದು ನಿಮಿಷಗಳ ತರುವಾಯ ಗುರುಗಳು ಕತ್ತು ತಿರುಗಿಸಿ, "ಲೇ ಪಿಂಗ್, ಇದೇ ಬತ್ತಿ ನನ್ನ ತಿಥಿಗೂ ಸಾಕಾಗುತ್ತಲ್ಲೇ" ಎಂದು ಎದ್ದಿರುತ್ತಾರೆ. ಬತ್ತಿ ಮುಗಿಯಲು ಒಂಬತ್ತು ದಿನ, ಇಪ್ಪತ್ತೊಂದು ಗಂಟೆ, ನಲವತ್ತೊಂಬತ್ತು ನಿಮಿಷ ಬಾಕಿಯಿದ್ದುದರಿಂದ, ಶಪಥದಂತೆ ಗೊಂಬೆ ಪಾಠವನ್ನು ಅಂದೇ ಆರಂಭಿಸಲಾಗಿದೆ. ಕಾಲು ಜೋಮು ಹಿಡಿದ ಕಾರಣ ಗುರುಗಳು ಗೊಂಬೆಯನ್ನು ತಬ್ಬಿಕೊಂಡೇ ಪಾಠ ಮಾಡಿದ್ದು, ಇದನ್ನು ಹೊಸ ವರಸೆಯೆಂದು ಯಾರೂ ಅಭ್ಯಾಸ ಮಾಡತಕ್ಕದ್ದಲ್ಲ.

(ಸಹಿ)
ಫುಂಗ್ ಗಾಮ್‌ಹೋ
ಹಿರಿಯ ಶಿಷ್ಯ ಹಾಗೂ ಕಾರ್ಯದರ್ಶಿ
(ಮಾಜಾಂಗ್ ಹಲಗೆ ತಂದವರು ಯಾರೆಂಬುದು ಕಡತದಲ್ಲಿ ಲಭ್ಯವಿಲ್ಲ.)

ಪ್ರತಿಗಳು:
1. ಶಿಷ್ಯೆ ಕ್ವಾನ್ ಸಾವ್‌ಪಿಂಗ್: ಎಚ್ಚರಿಕೆ ಹಾಗೂ ಅಭಿನಂದನೆಗಾಗಿ.
2. ದೇಗುಲದ ಪಾರುಪತ್ಯಗಾರರು: ಉಳಿದ ಸುರುಳಿಯನ್ನು ಲಗತ್ತಿಸಿದೆ. ಇನ್ನೂ ಉರಿಯುತ್ತಿದೆ.
3. ಮರದ ಗೊಂಬೆ: ಅಗತ್ಯ ಕ್ರಮಕ್ಕಾಗಿ.
4. ಸಿಫು ಮಾಕ್ ಯೀಟೊಂಗ್: ಖುದ್ದಾಗಿ ಓದಿ ಹೇಳಲಾಯಿತು. ಶಿಷ್ಯರೆಲ್ಲ ತುಟಿ ಕಚ್ಚಿ ನಿಂತಿರಲು, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕು, ನಗು ತಡೆಯಲಾರದೆ ಮೊಣಕಾಲು ಬಗ್ಗಿಸಿ ನಿಂತಿರುತ್ತಾರೆ. ಅದನ್ನು ಕುದುರೆ ನಿಲುವೆಂದು ಭಾವಿಸಿ ಯಾರೂ ಬತ್ತಿ ಹಚ್ಚತಕ್ಕದ್ದಲ್ಲ.