ನಾಚಿಕೆ ಭಾನುವಾರ

ಇಷ್ಟಕ್ಕೆಲ್ಲ ಕಾರಣ ಅಂಗೈ ಅಗಲದ ಒಂದು ನೇರಳೆ ಪಟ್ಟಿ. ಶನಿವಾರ ಸಂಜೆ ಜನರ ಪಾಪನಿವೇದನೆ ಕೇಳಿ ಮುಗಿಸಿದ ಫಾದರ್ ಡೆನ್‌ಹಮ್ ತಮ್ಮ ಕೊರಳಿನ ಪಟ್ಟಿಯನ್ನು ಗೂಟಕ್ಕೆ ಹಾಕುವುದನ್ನು ಬಿಟ್ಟು, ಒಗೆಯಲು ಇಟ್ಟಿದ್ದ ಬಿಳಿ ಬಟ್ಟೆಗಳ ಬುಟ್ಟಿಯ ಮೇಲೆ ಎಸೆದು ಹೋದರು. ಊರಿನವರ ಪಾಪವನ್ನೆಲ್ಲ ಕೇಳಿ ಕೇಳಿ ಬೇಸತ್ತಿದ್ದ ಆ ಪಟ್ಟಿ ಮೆಲ್ಲಗೆ ಜಾರಿ ಒಂದು ನಿಲುವಂಗಿಯ ತೋಳಿನೊಳಗೆ ಸೇರಿಕೊಂಡಿತು. ಹೊರೇಸ್ ಬಿಡಲ್ ಬುಟ್ಟಿಯನ್ನು ಮನೆಗೆ ಹೊತ್ತೊಯ್ದು, ಒಂದನ್ನೂ ಕೊಡವಿ ನೋಡದೆ, ಎಲ್ಲವನ್ನೂ ಬಟ್ಟೆ ಒಗೆಯುವ ಯಂತ್ರಕ್ಕೆ ತುರುಕಿ ಮಲಗಿಬಿಟ್ಟ.

ಭಾನುವಾರ ಬೆಳಿಗ್ಗೆ ಯಂತ್ರದ ಬಾಗಿಲು ತೆಗೆದವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಬಲಿಪೀಠದ ಹೊದಿಕೆ, ಕೈ ಒರೆಸುವ ಬಟ್ಟೆಗಳು, ಪೂಜೆಯ ಸಹಾಯಕರ ನಿಲುವಂಗಿಗಳು, ಫಾದರ್ ಅವರ ನಿಲುವಂಗಿ, ಎಲ್ಲವೂ ಗುಲಾಬಿ! ಅದೂ ಹೌದೋ ಅಲ್ಲವೋ ಎನ್ನುವಂಥ ಗುಲಾಬಿಯಲ್ಲ, ಮಕ್ಕಳ ಹುಟ್ಟುಹಬ್ಬದ ಕೇಕಿನ ಗುಲಾಬಿ.

ಬೇರೆ ಕಡೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಪಕ್ಕದ ಬೀದಿಯ ಚರ್ಚಿನಲ್ಲಿ ಪಾದ್ರಿ ಪೈಜಾಮದಲ್ಲಿ ಬಂದರೂ ಜನ ಕೈಕುಲುಕಿ ಕಾಫಿ ಕುಡಿದು ಹೋಗುತ್ತಾರೆ. ಈ ಸೇಂಟ್ ವಿಲ್ಫ್ರಿಡ್ ಚರ್ಚಿನಲ್ಲಿ ಮಾತ್ರ ಮೇಣದ ಬತ್ತಿ ಒಂದು ಬೆರಳು ವಾಲಿದರೂ ಬಿಷಪ್ಪರಿಗೆ ದೂರು ಹೋಗುತ್ತದೆ. ಅದರಲ್ಲೂ ಇದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಪಾದ್ರಿಯ ಮೇಲುಡುಗೆ ನೇರಳೆ, ಒಳಗಿನ ನಿಲುವಂಗಿ ಮತ್ತು ಪೀಠದ ಬಟ್ಟೆ ಅಚ್ಚ ಬಿಳಿ. ಗುಲಾಬಿ ಮೇಲುಡುಗೆಗೆ ಅಪ್ಪಣೆ ಇರುವುದು ನಾಲ್ಕನೆಯ ಭಾನುವಾರ ಮಾತ್ರ, ಇವತ್ತು ಮೂರನೆಯದು. ಪೀಠದ ಬಟ್ಟೆಗಂತೂ ಯಾವ ಭಾನುವಾರವೂ ಗುಲಾಬಿ ಇಲ್ಲ.

ಬಿಡಲ್‌ನ ಸಂಕಟ ಬಣ್ಣದ್ದಷ್ಟೇ ಅಲ್ಲ, ಬೀಗದ ಕೈಯದು. ಜನ್ಮವಿಡೀ ಬಸ್ ಕಂಡಕ್ಟರ್ ಆಗಿ ಬೈಸಿಕೊಂಡು ನಿವೃತ್ತನಾದ ಈ ಒಂಟಿ ಮನುಷ್ಯನಿಗೆ ಚರ್ಚಿನ ವಸ್ತ್ರದ ಕೋಣೆಯ ಉಸ್ತುವಾರಿ ಸಿಕ್ಕಿತ್ತು. ಆ ಕೋಣೆಯ ಬೀಗದ ಕೈ ಸೊಂಟದಲ್ಲಿ ನೇತಾಡುತ್ತಿದ್ದರೆ ಫಾದರ್ ಕೂಡ ಅಂಗಿಗೆ ಅವನನ್ನೇ ಕೇಳಬೇಕು. ಹೆಸರಿಗೆ ತಕ್ಕ ಹಾಗೆ ಬಿಡಲ್ ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆದರೆ ಕ್ರಿಸ್‌ಮಸ್ ದಿನ ಧೂಪದ ಡಬ್ಬಿ ಎಂದುಕೊಂಡು ಮಾಂಸದ ಸಾರಿನ ಪುಡಿಯನ್ನು ಕೆಂಡಕ್ಕೆ ಸುರಿದು, ಇಡೀ ಚರ್ಚನ್ನು ಹೋಟೆಲಿನ ಅಡುಗೆಮನೆ ಮಾಡಿದ್ದ. ಆಗ ಚರ್ಚಿನ ಹಿರಿಯ ಮೇಲ್ವಿಚಾರಕ, ಹಲ್ಲಿನ ವೈದ್ಯ ಓಕ್‌ಷಾಟ್, "ಇನ್ನೊಂದು ಎಡವಟ್ಟು ಆದ್ರೆ ಬೀಗದ ಕೈ ಮಿಸೆಸ್ ಪಾಡ್ಮೋರ್‌ಗೆ" ಎಂದು ಎಲ್ಲರೆದುರು ಹೇಳಿದ್ದರು.

ಮಿಸೆಸ್ ಪಾಡ್ಮೋರ್ ಬಿಡಲ್‌ನ ಪಕ್ಕದ ಮನೆಯ ವಿಧವೆ. ಚರ್ಚಿನ ಹೂವಿನ ಅಲಂಕಾರ ಆಕೆಯದು. ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಡುವಂತಿಲ್ಲ; ಹಾಗಾಗಿ ಈಸ್ಟರ್‌ವರೆಗೆ ಆಕೆಗೆ ಬೇರೆಯವರ ತಪ್ಪು ಹುಡುಕುವುದೊಂದೇ ಕೆಲಸ. ಸಾಲದ್ದಕ್ಕೆ ಹೆಚ್ಚುವರಿ ಬಿಳಿ ಬಟ್ಟೆಗಳೆಲ್ಲ ಹೊಲಿಗೆಗೆಂದು ಹೋಗಿ ಕುಳಿತಿದ್ದದ್ದು ಆಕೆಯ ಬೀರುವಿನಲ್ಲೇ.

ಬಿಡಲ್ ಇದ್ದಬದ್ದ ಬ್ಲೀಚನ್ನೆಲ್ಲ ಬಕೆಟ್ಟಿಗೆ ಸುರಿದು ಬಟ್ಟೆ ಅದ್ದಿದ. ಅವನ ಅಂಗಿಯ ತೋಳು ಬೆಳ್ಳಗಾಯಿತೇ ಹೊರತು ಗುಲಾಬಿ ಒಂದಿಷ್ಟೂ ಕದಲಲಿಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲು ಬಡಿದ ಸದ್ದು.

"ಏನ್ರೀ ಬಿಡಲ್, ಇದೇನು ವಾಸನೆ? ಒಳಗೆ ಈಜುಕೊಳ ಏನಾದ್ರೂ ತೆಗೆದಿದೀರಾ?" ಮಿಸೆಸ್ ಪಾಡ್ಮೋರ್ ಕತ್ತು ಉದ್ದ ಮಾಡಿ ನಿಂತಿದ್ದಳು.

"ನೆಗಡಿ," ಎಂದ ಬಿಡಲ್, ಬಾಗಿಲಿಗೆ ಅಡ್ಡ ನಿಂತು. "ಆವಿ ತಗೋತಿದ್ದೆ."

"ಬ್ಲೀಚಿನ ಆವಿನಾ?"

"ಜೋರು ನೆಗಡಿ."

"ಇವತ್ತು ಪ್ರವಚನಕ್ಕೆ ಹಿರಿಯ ಪಾದ್ರಿ ಕ್ಯಾನನ್ ಫ್ಯಾನ್‌ಶಾ ಬರ್ತಿದಾರೆ, ನೆನಪಿದೆ ತಾನೆ? ಸ್ಟೇಷನ್ನಿಂದ ನಾನೇ ಕರ್ಕೊಂಡು ಬರೋದು. ಹಳೇ ಪೂಜಾಪದ್ಧತಿ ವಿಷಯದಲ್ಲಿ ಇಡೀ ಇಂಗ್ಲೆಂಡಿಗೆ ಅವರ ಮಾತೇ ಕೊನೆ ಮಾತು. ಬಟ್ಟೆ ಎಲ್ಲಾ ಬೆಳ್ಳಗಿದೆಯಾ? ಇಲ್ಲಾಂದ್ರೆ ಈಗ್ಲೇ ಹೇಳಿ, ನನ್ನ ಹತ್ರ ಇರೋದು ಕೊಡ್ತೀನಿ."

ಕೊಡಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಿಡಲ್‌ನ ಕೈ ಸೊಂಟದ ಬೀಗದ ಕೈಯನ್ನು ತಡವಿತು.

"ಹಾಲಿನ ಹಾಗಿದೆ, ಮಿಸೆಸ್ ಪಾಡ್ಮೋರ್," ಎಂದುಬಿಟ್ಟ.

ಒದ್ದೆ ಬಟ್ಟೆಗಳನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು ಒಣಗಿಸಿ, ಮಳೆ ಕೋಟಿನಲ್ಲಿ ಸುತ್ತಿ, ಕದ್ದ ಮಗುವಿನ ಹಾಗೆ ಅವುಚಿಕೊಂಡು ಚರ್ಚಿಗೆ ಓಡಿದ. ಅರ್ಧ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಧೂಪವನ್ನು ಹೊಗೆಗೂಡಿನಂತೆ ಎಬ್ಬಿಸಿದರೆ ಯಾರಿಗೂ ಬಣ್ಣ ತಿಳಿಯದೆಂಬುದು ಅವನ ಉಪಾಯ. ಪೀಠಕ್ಕೆ ಹೊದಿಕೆ ಹಾಸಿ ಹಿಂದೆ ಸರಿದು ನೋಡಿದ. ಆ ಮಬ್ಬಿನಲ್ಲಿ ಗುಲಾಬಿ ಇನ್ನೂ ಎದ್ದು ಕಾಣುತ್ತಿತ್ತು.

"ಬಿಡಲ್!" ಹಿಂದಿನಿಂದ ಬಂದ ಗರ್ಜನೆಗೆ ಅವನು ಹಾರಿಬಿದ್ದ. ಓಕ್‌ಷಾಟ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದರು. "ಪೀಠದ ಮೇಲೆ ಏನ್ರೀ ಅದು? ಏನ್ರೀ ಅದು!"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕಾಲಿಗೆ ಬೀಳುವುದೇ ಸರಿ ಎಂದು ಬಿಡಲ್‌ಗೆ ಎನಿಸಿತು. "ನಾಚಿಕೆ ಆಗುತ್ತೆ ಡಾಕ್ಟ್ರೇ... ನಾಚಿಕೆ... ಈ ಭಾನುವಾರ..."

ವರ್ಷಗಟ್ಟಲೆ ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿ ಓಕ್‌ಷಾಟರ ಕಿವಿ ಅರ್ಧ ಹೋಗಿತ್ತು.

"ನಾಚಿಕೆ ಭಾನುವಾರ?" ಎಂದರು.

ಒಂದು ಗಳಿಗೆ ಅವರ ಮುಖದಲ್ಲಿ ಗೊಂದಲ ಹಾದುಹೋಯಿತು. ತನಗೆ ತಿಳಿಯದ ಹಳೆಯ ಪದ್ಧತಿ ಒಂದೂ ಇಲ್ಲವೆಂದು ಊರನ್ನೆಲ್ಲ ನಂಬಿಸಿದ್ದ ಮನುಷ್ಯ ಅವರು. ಕೆಮ್ಮಿದರು, ಟೈ ಸರಿಮಾಡಿಕೊಂಡರು.

"ಓಹೋ, ನಾಚಿಕೆ ಭಾನುವಾರ! ಅಪ್ಪಟ ಹಳೇ ಇಂಗ್ಲಿಷ್ ಪದ್ಧತಿ. ರೋಮಿನ ಪೋಪ್ ಕಡೆಯವರಿಗೆ ಇದರ ಗಂಧಗಾಳೀನೇ ಇಲ್ಲ. ನಾನೇ ಈ ವರ್ಷ ಶುರು ಮಾಡ್ಸೋಣ ಅಂತಿದ್ದೆ. ಭಲೇ ಬಿಡಲ್!"

ಬಿಡಲ್ ಬೆಪ್ಪಾಗಿ ನೋಡಿದ. ಮುಳುಗುವವನ ಕೈಗೆ ದೋಣಿಯೇ ಸಿಕ್ಕಿತ್ತು. "ಹೌದು ಡಾಕ್ಟ್ರೇ. ನಮ್ಮ ಪಾಪಕ್ಕೆ ನಾವು ನಾಚಿ ಕೆಂಪಾಗಲ್ಲ ನೋಡಿ, ಅದಕ್ಕೆ ಬಟ್ಟೆ ಕೆಂಪಾಗುತ್ತೆ," ಎಂದ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೇ ದಿಗಿಲಾಯಿತು.

ಬಲಿಪೂಜೆಗೆ ಸಿದ್ಧರಾಗಲು ಬಂದ ಫಾದರ್ ಡೆನ್‌ಹಮ್ ತಮ್ಮ ನಿಲುವಂಗಿ ನೋಡಿ ಗೋಡೆ ಹಿಡಿದುಕೊಂಡರು. "ಅಯ್ಯೋ ದೇವರೇ! ಏನಿದು?"

"ನಾಚಿಕೆ ಭಾನುವಾರ, ಫಾದರ್. ಮರೆತುಬಿಟ್ರಾ?" ಎಂದರು ಓಕ್‌ಷಾಟ್, ಹುಬ್ಬೇರಿಸಿ.

"ಮರೆಯೋದುಂಟೇ!" ಎಂದು ಫಾದರ್ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಂಡರು. ಓಕ್‌ಷಾಟ್ ಆಚೆ ಹೋದದ್ದೇ ಬಿಡಲ್‌ನ ಕಿವಿಯಲ್ಲಿ, "ನಾನೇನಾದ್ರೂ ಬೇರೆ ಥರ ಮಾಡ್ಬೇಕೇನಪ್ಪಾ?" ಎಂದು ಕೇಳಿದರು.

"ಏನೂ ಬೇಡ ಫಾದರ್, ಮಾಮೂಲಿನ ಹಾಗೇ."

ಇನ್ನು ಉಳಿದದ್ದು ಕ್ಯಾನನ್. ಮಿಸೆಸ್ ಪಾಡ್ಮೋರ್‌ಳ ತೋಳು ಹಿಡಿದು ಬಂದ ಆ ವೃದ್ಧರು ಪೀಠವನ್ನು ಕಂಡದ್ದೇ ತಡ, ಕೈಯಲ್ಲಿದ್ದ ಊರುಗೋಲು ಕಲ್ಲಿನ ನೆಲಕ್ಕೆ ಬಿದ್ದು ಠಣ್ಣೆಂದಿತು.

"ನಿಮಗೆ ಹೇಳ್ಬೇಕಾ ಕ್ಯಾನನ್! ನಾಚಿಕೆ ಭಾನುವಾರ," ಎಂದರು ಓಕ್‌ಷಾಟ್ ಎದೆಯುಬ್ಬಿಸಿ.

ಕ್ಯಾನನ್ ಫ್ಯಾನ್‌ಶಾ ದಪ್ಪ ದಪ್ಪ ಗ್ರಂಥ ಬರೆದವರು. ಗಂಟೆ ಯಾವಾಗ ಬಾರಿಸಬೇಕು ಎಂಬ ಜಗಳದಲ್ಲಿ ಒಬ್ಬ ಹಳೆಯ ಗೆಳೆಯನ ಮಾನ ಕಳೆದವರು. ಒಬ್ಬ ಹಲ್ಲಿನ ವೈದ್ಯನಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲವೆಂದು ಅವರು ಹೇಗೆ ಒಪ್ಪಿಯಾರು? ಕನ್ನಡಕ ತೆಗೆದು ಒರೆಸಿದರು. ಧೂಪದ ಹೊಗೆಗೋ ಏನೋ, ಕಣ್ಣಲ್ಲಿ ನೀರಾಡಿತು.

"ಇನ್ನೂ ಬದುಕಿದೆಯಾ ಇದು?" ಎಂದರು. "ನಾನು ಕಣ್ಣು ಮುಚ್ಚೋದ್ರೊಳಗೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ."

ಈಗ ಮಿಸೆಸ್ ಪಾಡ್ಮೋರ್ ಬಾಯಿ ತೆರೆಯುತ್ತಾಳೆ, ತನ್ನ ಕತೆ ಮುಗಿಯಿತು ಎಂದು ಬಿಡಲ್ ಕಣ್ಣು ಮುಚ್ಚಿಕೊಂಡ. ಆಕೆ ಪೀಠವನ್ನು ನೋಡಿದಳು, ಬಿಡಲ್‌ನನ್ನು ನೋಡಿದಳು.

"ನಮ್ಮಜ್ಜಿ ಇದರ ಬಗ್ಗೆ ತುಂಬಾ ಹೇಳ್ತಿದ್ರು," ಎಂದಳು.

ಬಿಡಲ್‌ಗೆ ಸಿಡಿಲು ಬಡಿದಂತಾಯಿತು.

"ಕ್ಯಾನನ್, ಅಜ್ಜಿ ಹೇಳಿದ್ದು ಸರೀನಾ ಅಂತ ನಿಮ್ಮನ್ನೇ ಕೇಳ್ಬೇಕಿತ್ತು. ಒಂದು ನಿಮಿಷ ಈ ಕಡೆ ಬರ್ತೀರಾ?" ಎಂದು ಆಕೆ ಅವರನ್ನು ಒಂದು ಕಂಬದ ಮರೆಗೆ ಕರೆದೊಯ್ದಳು.

ಪೂಜೆ ಆರಂಭವಾಯಿತು. ಪೂಜೆಯ ಸಹಾಯಕರಾದ ಮೂವರು ಮುದುಕರು ಗುಲಾಬಿ ನಿಲುವಂಗಿಯಲ್ಲಿ ಬೇಯಿಸಿದ ಸೀಗಡಿಗಳ ಹಾಗೆ ಸಾಲಾಗಿ ಬಂದಾಗ ಬೆಂಚುಗಳಿಂದ 'ಹಾ!' ಎಂಬ ಉದ್ಗಾರ ಎದ್ದಿತು. ಒಬ್ಬಾಕೆಯ ಕೈಯಿಂದ ಪ್ರಾರ್ಥನೆಯ ಪುಸ್ತಕವೇ ಜಾರಿತು. ಆದರೆ ಓಕ್‌ಷಾಟ್ ಸಾಲು ಸಾಲಿಗೂ ಬಗ್ಗಿ ಪಿಸುಗುಟ್ಟಿಕೊಂಡು ಹೋದರು. ಪಿಸುಮಾತು ತಲುಪಿದ ಕಡೆಯೆಲ್ಲ ಜನ, ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆ ಆಡಿಸಿದರು. ಒಬ್ಬ ಅಜ್ಜ, ತಾನು ಚಿಕ್ಕಂದಿನಲ್ಲಿ ಇದನ್ನು ನೋಡಿದ್ದೆ, ಆಗಿನ ಬಣ್ಣ ಇನ್ನೂ ಗಾಢವಾಗಿತ್ತು ಎಂದು ಕಣ್ಣೊರೆಸಿಕೊಂಡ. ಇದನ್ನೆಲ್ಲ ಕೇಳಿ ಮೊದಲು ಗಾಬರಿಯಾದ ಬಿಡಲ್‌ಗೆ ಬರಬರುತ್ತ ಧೈರ್ಯ ಬಂತು. ಕಡೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಬೀಗದ ಕೈಯನ್ನು ಎಲ್ಲರಿಗೂ ಕಾಣುವಂತೆ ಸೊಂಟದ ಮುಂಭಾಗಕ್ಕೆ ಸರಿಸಿಕೊಂಡ.

ಕ್ಯಾನನ್ ಪ್ರವಚನಕ್ಕೆ ನಿಂತರು. ನಾಚಿಕೆ ಭಾನುವಾರದ ಹುಟ್ಟು, ಬೆಳವಣಿಗೆ, ಅದನ್ನು ನಿಲ್ಲಿಸಿದ ದುಷ್ಟ ರಾಜ, ಗುಟ್ಟಾಗಿ ಆಚರಿಸಿ ಸೆರೆಮನೆ ಕಂಡ ಸನ್ಯಾಸಿಗಳು, ಒಂದೂ ಬಿಡದೆ ವರ್ಣಿಸಿದರು. ಇಷ್ಟೆಲ್ಲ ತನ್ನ ಬಟ್ಟೆ ಒಗೆಯುವ ಯಂತ್ರದಿಂದ ಹುಟ್ಟಿತೇ ಎಂದು ಬಿಡಲ್ ಬಾಯಿ ಬಿಟ್ಟು ಕೇಳಿದ.

"ಕಡೆಯ ವಿಧಿ ಒಂದು ಬಾಕಿ ಇದೆ," ಎಂದರು ಕ್ಯಾನನ್. "ಬಟ್ಟೆ ಕಾಯೋ ಗಂಡಸು, ತಾನು ಈ ಕೆಲಸಕ್ಕೆ ಅಯೋಗ್ಯ ಅಂತ ಎಲ್ಲರೆದುರು ನಾಚಿ, ಮೊಣಕಾಲೂರಿ, ವಸ್ತ್ರದ ಕೋಣೆ ಬೀಗದ ಕೈನ ಆ ಊರಿನ ಒಬ್ಬ ವಿಧವೆಗೆ ಒಪ್ಪಿಸ್ಬೇಕು. ಶಾಶ್ವತವಾಗಿ. ಇದು ನನಗೆ ಮೊದಲಿಂದ್ಲೂ ಗೊತ್ತಿದ್ದದ್ದೇ. ಈ ತಾಯಿ ಈಗ ನೆನಪು ಮಾಡಿದ್ರು, ಅಷ್ಟೇ."

"ಇಲ್ಲ!" ಬಿಡಲ್ ಎದ್ದು ನಿಂತೇಬಿಟ್ಟ. "ಅಂಥ ವಿಧಿ ಇಲ್ಲವೇ ಇಲ್ಲ!"

ಜನ ಬೆಚ್ಚಿ ತಿರುಗಿದರು. ಪ್ರವಚನದ ನಡುವೆ ಎದ್ದು ಕೂಗುವುದೇ? ಓಕ್‌ಷಾಟ್ ಕಣ್ಣು ಕೆಕ್ಕರಿಸಿದರು. "ನಿಮಗೆ ಹೇಗ್ರೀ ಗೊತ್ತು?"

ಅದಕ್ಕಿದ್ದದ್ದು ಒಂದೇ ಉತ್ತರ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಬೀಗದ ಕೈ ಹೋಗುತ್ತದೆ. ಬಿಡಲ್‌ನ ಕತ್ತಿನಿಂದ ಬಿಸಿ ಏರಿತು, ಕೆನ್ನೆ ಕಿವಿಗಳೆಲ್ಲ ಕೆಂಪಗಾದವು.

"ಯಾಕಂದ್ರೆ ಇದೆಲ್ಲಾ ಸುಳ್ಳು!" ಎಂದು ಕಿರುಚಿದ. "ನಾನೊಬ್ಬ ಸುಳ್ಳುಗಾರ! ಅಯೋಗ್ಯ! ನಿಮ್ಮೆಲ್ಲರಿಗೂ ಮೋಸ ಮಾಡಿದೀನಿ!"

ಕ್ಯಾನನ್ ಎರಡೂ ಕೈ ಮೇಲೆತ್ತಿದರು. "ಆಹಾ! ನೋಡಿ ಹೇಗೆ ನಾಚಿದಾನೆ! ಅಕ್ಷರಶಃ ಹಳೇ ಕಾಲದ ಮಾತುಗಳೇ! ಇವನಿಗೆ ವಿಧಿ ಪೂರ್ತಿ ಬಾಯಿಪಾಠ ಇದೆ!"

ಚರ್ಚಿನಲ್ಲಿ ಬಿಕ್ಕಳಿಕೆಗಳು ಕೇಳಿಸಿದವು. ಫಾದರ್ ಡೆನ್‌ಹಮ್ ಕಣ್ಣೀರು ಒರೆಸಿಕೊಂಡರು. ಬಿಡಲ್ ಇನ್ನೂ ಎರಡು ಸಲ "ನಿಜವಾಗ್ಲೂ ಸುಳ್ಳು" ಎಂದ, ಜನ ಇನ್ನೂ ಜೋರಾಗಿ ಅತ್ತರು. ಓಕ್‌ಷಾಟ್ ಬಂದು ಅವನ ಭುಜ ಒತ್ತಿ ಮೊಣಕಾಲೂರಿಸಿದರು. ಮಿಸೆಸ್ ಪಾಡ್ಮೋರ್ ತಲೆ ತಗ್ಗಿಸಿ, ಮಹಾ ಸಂಕೋಚದಿಂದ ಎಂಬಂತೆ ಕೈ ಚಾಚಿದಳು.

ಪೂಜೆ ಮುಗಿದ ಮೇಲೆ ಬಿಡಲ್ ವಸ್ತ್ರದ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಮಿಸೆಸ್ ಪಾಡ್ಮೋರ್ ಆಗಲೇ ಕಪಾಟುಗಳನ್ನು ತೆರೆದು ಜೋಡಿಸುತ್ತಿದ್ದಳು.

"ನಿಮ್ಮಜ್ಜಿ ನಿಜವಾಗ್ಲೂ ಹಾಗೆ ಹೇಳ್ತಿದ್ರಾ?" ಎಂದು ಕ್ಷೀಣ ದನಿಯಲ್ಲಿ ಕೇಳಿದ.

"ನಮ್ಮಜ್ಜೀನಾ? ಅವಳು ಚರ್ಚಿನ ಮೆಟ್ಟಿಲು ಹತ್ತಿದವಳೇ ಅಲ್ಲ. ಭಾನುವಾರ ಪೂರ್ತಿ ಇಸ್ಪೀಟು."

"ಮತ್ತೆ...?"

"ನಿಮ್ಮ ಮನೆ ಬಚ್ಚಲ ನೀರು ನನ್ನ ಹಿತ್ತಲ ಮೋರೀಲೇ ಹರಿಯೋದು ಕಣ್ರೀ. ಬೆಳಿಗ್ಗೆ ಎದ್ದು ನೋಡ್ತೀನಿ, ಗುಲಾಬಿ ನೊರೆ! ಅದಕ್ಕೇ ಬಂದು ಬಾಗಿಲು ಬಡಿದದ್ದು."

ಬಿಡಲ್ ಚೌಕಟ್ಟು ಹಿಡಿದುಕೊಂಡ. "ಮೊದಲೇ ಗೊತ್ತಿತ್ತಾ? ಹಾಗಿದ್ರೆ ಎಲ್ಲರೆದುರು ಹೇಳ್ಬಹುದಿತ್ತಲ್ಲ! ಯಾಕೆ ಹೇಳ್ಲಿಲ್ಲ?"

ಮಿಸೆಸ್ ಪಾಡ್ಮೋರ್ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೇಳಿದ್ರೆ ಏನಾಗ್ತಿತ್ತು? ಇದು ತಪಸ್ಸುಕಾಲ. ನೀವು ಎರಡು ಹನಿ ಕಣ್ಣೀರು ಹಾಕಿದ್ರೆ ಫಾದರ್ ಅಲ್ಲೇ ತಬ್ಕೊಂಡು ಕ್ಷಮಿಸಿ, ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ ಅನ್ನೋರು. ಓಕ್‌ಷಾಟ್ ಕೂಡ ತೆಪ್ಪಗಿರ್ಬೇಕಾಗ್ತಿತ್ತು. ತಪ್ಪಿಗೆ ಕ್ಷಮೆ ಇದೆ ಬಿಡಲ್. ಸಂಪ್ರದಾಯಕ್ಕೆಲ್ಲಿದೆ?"

ಆಕೆ ಅವನನ್ನು ಮೆಲ್ಲಗೆ ಹೊಸ್ತಿಲಾಚೆಗೆ ಸರಿಸಿ ಬಾಗಿಲು ಹಾಕಿಕೊಂಡಳು.